ಗಾಡಿಯ ಪ್ರೀತಿ ರಕ್ತದಲ್ಲಿ ಬರುತ್ತದಾ?

ಪ್ರಶ್ನೆ: ನಮ್ಮದು ಸಿಂಧನೂರು. ತಂದೆಗೆ 73 ವರ್ಷ. ಇವತ್ತಿಗೂ ತಮ್ಮ ಹಳೆಯ ಯೆಜ್ಡಿ ಗಾಡಿಯಲ್ಲೇ ಹೊಲಕ್ಕೆ ಹೋಗಿ ಬರುತ್ತಾರೆ. ಭಾನುವಾರ ಬಂತೆಂದರೆ ಅದನ್ನು ಬಿಚ್ಚಿಕೊಂಡು ಕೂರುತ್ತಾರೆ. ನನಗೆ ಮಾತ್ರ ಗಾಡಿ ಅಂದರೆ ಅಂಗಡಿಗೆ ಹೋಗಿ ಬರುವ ಸಾಧನ, ಅಷ್ಟೇ. ಈಗ ನನ್ನ ಮಗನಿಗೆ 17. ಎದ್ದಾಗಿಂದ ಮಲಗುವವರೆಗೆ ಬೈಕಿನದೇ ಧ್ಯಾನ. 18 ತುಂಬಿದ ದಿನವೇ 400 ಸಿಸಿ ಗಾಡಿ ಬೇಕಂತೆ. 'ಅಜ್ಜನ ರಕ್ತ' ಎಂದು ಮನೆಯವರು ನಗುತ್ತಾರೆ, ನನಗೆ ಭಯ. ಇದು ವಯಸ್ಸಿನ ಹುಚ್ಚೋ, ಬಾಳಿಡೀ ಉಳಿಯುವಂಥದ್ದೋ? ಇಂಥ ಪ್ರೀತಿ ಬೆಳೆಯುವುದಾದರೂ ಹೇಗೆ? ನಾನು ಏನು ಮಾಡಲಿ?

ಉತ್ತರ: ಮೊದಲು ರಕ್ತದ ಮಾತು ಮುಗಿಸಿಬಿಡೋಣ. ಸಾಹಸ ಇಷ್ಟಪಡುವ ಸ್ವಭಾವ ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆ, ನಿಜ. ಆದರೆ ಆ ಸ್ವಭಾವ ಕುದುರೆ ಕಡೆಗೆ ಹೋಗುತ್ತದೋ, ಈಜಿನ ಕಡೆಗೋ, ಗಾಡಿ ಕಡೆಗೋ ಎಂಬುದನ್ನು ಮನೆಯ ಅಂಗಳ ತೀರ್ಮಾನಿಸುತ್ತದೆ. ನೀವು ಚಿಕ್ಕವರಿದ್ದಾಗ ನಿಮ್ಮ ತಂದೆಗೆ ಹೊಲ, ಸಂತೆ, ಸಾಲ, ಸಂಸಾರ ಎಲ್ಲ ತಲೆ ಮೇಲಿದ್ದಿರಬೇಕು. ಆಗ ಅವರ ಗಾಡಿ ದುಡಿಮೆಯ ಗಾಡಿ. ಹತ್ತಿರ ಬಂದ ಹುಡುಗನಿಗೆ 'ಮುಟ್ಟಬೇಡ, ಸುಡುತ್ತದೆ' ಎಂದು ಗದರಿರಲೂಬಹುದು. ನಿಮ್ಮ ಮಗನಿಗೆ ಸಿಕ್ಕಿದ್ದು ಬಿಡುವಿರುವ ಅಜ್ಜ. ಪಕ್ಕದಲ್ಲಿ ಕೂರಿಸಿಕೊಂಡು ಪಾನಾ ಕೈಗೆ ಕೊಡುವ ಅಜ್ಜ. ನನ್ನ ಪ್ರಕಾರ ನಿಮ್ಮ ಮನೆಯಲ್ಲಿ ಪ್ರೀತಿ ಒಂದು ತಲೆಮಾರು ದಾಟಿಕೊಂಡು ಹೋದದ್ದು ಹೀಗೆ.

ನಾನು ಬಳ್ಳಾರಿಯಲ್ಲಿ ಗಾಡಿ ಓಡಿಸುವುದನ್ನು ಕಲಿಸುವವನು. ಕಲಿಯಲು ಬಂದವರನ್ನೆಲ್ಲ ನಿಮಗೆ ಗಾಡಿಯ ಆಸೆ ಎಲ್ಲಿಂದ ಹತ್ತಿತು ಎಂದು ಕೇಳುತ್ತೇನೆ. ಒಬ್ಬರಿಗೆ ಮಾವನ ರಾಜ್‌ದೂತ್ ಟ್ಯಾಂಕಿನ ಮೇಲೆ ಕೂತು ಊರು ಸುತ್ತಿದ್ದು. ಇನ್ನೊಬ್ಬರಿಗೆ ಬೀದಿಯ ಕೊನೆಯಲ್ಲಿ ಯಾರದೋ ಆರ್‌ಎಕ್ಸ್ 100 ತಿರುಗುವಾಗಿನ ಸದ್ದು. ಮತ್ತೊಬ್ಬರಿಗೆ ಜಾತ್ರೆಯಲ್ಲಿ ಹಲಗೆ ಬಾವಿಯ ಗೋಡೆ ಮೇಲೆ ಗಾಡಿ ಓಡಿಸುವವರನ್ನು ಉಸಿರು ಬಿಗಿಹಿಡಿದು ನೋಡಿದ್ದು. ಮನೆಗೊಂದು ಹಳೆಯ ಲೂನಾ ಇದ್ದು, ಪೆಡಲ್ ತುಳಿದು ಅದನ್ನು ಸ್ಟಾರ್ಟ್ ಮಾಡುವ ಕೆಲಸ ತನಗೇ ಬಿದ್ದಿತ್ತು ಎಂದವರೂ ಇದ್ದಾರೆ. ಬಾಲ್ಯದಲ್ಲೇ ಶುರುವಾಗಬೇಕು ಎಂದೇನೂ ಇಲ್ಲ. ಮಕ್ಕಳು ಕಾಲೇಜು ಸೇರಿದ ಮೇಲೆ ಮೊದಲ ಸಲ ಹ್ಯಾಂಡಲ್ ಹಿಡಿದು, ಈಗ ಸ್ಕೂಟರ್‌ನಲ್ಲಿ ಸಂಡೂರಿನ ಗುಡ್ಡ ಹತ್ತಿ ಬರುವ ತಾಯಂದಿರು ನನ್ನ ಬಳಿ ಕಲಿತವರಲ್ಲಿ ಇದ್ದಾರೆ. ಅವರ ಪ್ರೀತಿ ಯಾರದಕ್ಕೂ ಕಡಿಮೆಯಲ್ಲ.

ಆಸಕ್ತಿ ಹೇಗೆ ಬೆಳೆಯುತ್ತದೆ ಎಂಬುದನ್ನು ಸುಝಾನ್ ಹಿಡಿ ಮತ್ತು ಆನ್ ರೆನಿಂಗರ್ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ನಾಲ್ಕು ಹಂತಗಳಲ್ಲಿ ವಿವರಿಸಿದರು. ಅದು ಗಾಡಿಗೂ ಚೆನ್ನಾಗಿ ಹೊಂದುತ್ತದೆ. ಮೊದಲು ಹೊರಗಿನಿಂದ ಒಂದು ಕಿಡಿ ತಾಗುತ್ತದೆ. ಆಮೇಲೆ ಆ ಕಿಡಿಯನ್ನು ಜನ, ಜಾಗ, ಅವಕಾಶ ಕಾಯುತ್ತವೆ. ಮೂರನೆಯದರಲ್ಲಿ ಮನುಷ್ಯ ತಾನೇ ಪ್ರಶ್ನೆ ಕೇಳಲು ಶುರು ಮಾಡುತ್ತಾನೆ. ನಾಲ್ಕನೆಯದಕ್ಕೆ ಬಂದಾಗ ಅದು ಅವನ ಸ್ವಂತದ್ದು. ಕಷ್ಟ ಬಂದರೂ, ಬೇಸರ ಆದರೂ, ಮೆಚ್ಚುವವರು ಇಲ್ಲದಿದ್ದರೂ ಅವನು ಬಿಡುವುದಿಲ್ಲ. ಇದರಲ್ಲಿ ಅಪ್ಪಂದಿರು ಗಮನಿಸಬೇಕಾದ ಮಾತೊಂದಿದೆ. ಆಸರೆ ಸಿಗದಿದ್ದರೆ ಆಸಕ್ತಿ ಯಾವ ಹಂತದಲ್ಲಾದರೂ ಹಿಂದಕ್ಕೆ ಹೋಗಬಹುದು, ಸತ್ತೂ ಹೋಗಬಹುದು.

ನಿಮ್ಮ ತಂದೆ ನಾಲ್ಕನೆಯ ಹಂತದವರು. ಅವರ ಗಾಡಿಯನ್ನೇ ನೋಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರಲ್ಲಿ ಶುರುವಾಯಿತು, ಯೆಜ್ಡಿ ಹೆಸರು ಬಂದದ್ದು 1973ರಲ್ಲಿ, ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಂದರೆ ಅದನ್ನು ಮಾಡಿದ ಕಾರ್ಖಾನೆಯೇ ಮುಚ್ಚಿ ಇಷ್ಟು ವರ್ಷಗಳಾದರೂ ಅವರು ಅದನ್ನು ಬದುಕಿಸಿಕೊಂಡು ಬಂದಿದ್ದಾರೆ. ಪಾರ್ಟ್ ಹುಡುಕಿ, ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಿ, ಪೆಟ್ರೋಲಿಗೆ ಎಣ್ಣೆ ಅಳತೆ ಮಾಡಿ ಬೆರೆಸಿ. ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ ಆಗುವ ಆ ಗಾಡಿಯನ್ನು ಸುಮ್ನೆ ಹತ್ತಿ ಓಡಿಸಲು ಆಗುವುದಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಬೇಕು. ನಿಮ್ಮ ಮಗ ಇನ್ನೂ ಎರಡನೆಯ ಹಂತದಲ್ಲೋ ಮೂರರ ಹೊಸ್ತಿಲಲ್ಲೋ ಇದ್ದಾನೆ. ಅದನ್ನು ತಿಳಿಯಲು ಒಂದು ವಾರ ಅವನ ಮಾತು ಕೇಳಿಸಿಕೊಳ್ಳಿ. ಟಾಪ್ ಸ್ಪೀಡ್ ಎಷ್ಟು, ಯಾವ ಬಣ್ಣ, ಯಾರ ಹತ್ತಿರ ಇದೆ ಎಂಬುದಷ್ಟೇ ಬಾಯಲ್ಲಿದ್ದರೆ ಕಿಡಿ ಹೊರಗಿನ ಗಾಳಿಯಿಂದ ಉರಿಯುತ್ತಿದೆ. ಚೈನ್ ಯಾಕೆ ಸಡಿಲವಾಗುತ್ತದೆ, ಅಜ್ಜನ ಗಾಡಿಗೆ ಎರಡು ಸೈಲೆನ್ಸರ್ ಯಾಕೆ, ತಿರುವಿನಲ್ಲಿ ಗಾಡಿ ವಾಲಿದರೂ ಯಾಕೆ ಬೀಳುವುದಿಲ್ಲ ಎಂದು ಕೇಳುತ್ತಿದ್ದರೆ ಬೇರು ಇಳಿಯುತ್ತಿದೆ.

ಈ ಪ್ರೀತಿ ಐವತ್ತು ವರ್ಷ ಬಾಳಿಕೆ ಬರುವುದು ಯಾಕೆ? ಇಲ್ಲೇ ನಾನು ಹೇಳಬೇಕಾದ ಮುಖ್ಯ ಮಾತಿದೆ. ವೇಗದ ಖುಷಿಗೆ ಆಯಸ್ಸು ಕಡಿಮೆ. ಇವತ್ತು 80 ಮೈ ಜುಮ್ ಎನಿಸಿದರೆ, ಆರು ತಿಂಗಳಿಗೆ ಅದು ಮಾಮೂಲಿ. ಆಮೇಲೆ 100 ಬೇಕು, 120 ಬೇಕು. ಅದಕ್ಕೆ ರಸ್ತೆಯೂ ಇಲ್ಲ, ಜೀವವೂ ಸಾಲದು. ಆದರೆ ಕೈಚಳಕದ ಖುಷಿ ಹಾಗಲ್ಲ, ಕಲಿತಷ್ಟೂ ಬಾಕಿ ಉಳಿಯುತ್ತದೆ. ಜೀವನವಿಡೀ ಗಾಡಿ ಪ್ರೀತಿಸಿದವರನ್ನು ಮಾತಾಡಿಸಿ ನೋಡಿ. ಎಷ್ಟು ಜೋರಾಗಿ ಓಡಿಸಿದೆ ಎಂದು ಹೇಳುವವರು ಕಡಿಮೆ. ಆ ಮಳೆಯಲ್ಲಿ ಹೇಗೆ ಬಂದೆ, ಆ ದಾರಿಯಲ್ಲಿ ಹೇಗೆ ದಾಟಿಸಿದೆ ಎಂದೇ ಹೇಳುತ್ತಾರೆ.

ಗಾಡಿಯ ವಿದ್ಯೆ ಮೈಗೆ ಹತ್ತುವಂಥದ್ದು. ಜೋಳದ ರೊಟ್ಟಿ ಬಡಿಯುವ ಅವ್ವನನ್ನು ಕೈ ಎಷ್ಟು ತಿರುಗಿಸುತ್ತೀ ಎಂದು ಕೇಳಿದರೆ ಹೇಳಲು ಬರುವುದಿಲ್ಲ, ಆದರೆ ರೊಟ್ಟಿ ದುಂಡಗೇ ಬರುತ್ತದೆ. ವಿಮಾನ ಕಂಡುಹಿಡಿದ ರೈಟ್ ಸಹೋದರರದು ಮೊದಲು ಸೈಕಲ್ ಅಂಗಡಿ. ಸೈಕಲನ್ನು ಎಡಕ್ಕೆ ತಿರುಗಿಸುವಾಗ ಏನು ಮಾಡುತ್ತೀರಿ ಎಂದು ವಿಲ್ಬರ್ ರೈಟ್ ಎಷ್ಟೋ ಜನರನ್ನು ಕೇಳಿದ್ದರು, ಯಾರೂ ಸರಿಯಾಗಿ ಹೇಳಲಿಲ್ಲ. ನಡಿಗೆಯ ವೇಗ ದಾಟಿದ ಮೇಲೆ ಎಡಕ್ಕೆ ಹೋಗಬೇಕಾದರೆ ನಾವು ಕ್ಷಣಮಾತ್ರ ಹ್ಯಾಂಡಲನ್ನು ಬಲಕ್ಕೆ ತಿರುಗಿಸುತ್ತೇವೆ. ಅಂದರೆ ಎಡಗೈ ಹಿಡಿಕೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತುತ್ತೇವೆ. ಗಾಡಿ ಎಡಕ್ಕೆ ವಾಲುತ್ತದೆ, ಆಮೇಲೆ ಎಡಕ್ಕೆ ತಿರುಗುತ್ತದೆ. ಗೊತ್ತಿಲ್ಲದೆಯೇ ಎಲ್ಲರೂ ಇದನ್ನು ಮಾಡುತ್ತಾರೆ. ಗೊತ್ತಾಗಿ ಮಾಡಿದ ದಿನ ಹುಡುಗರ ಮುಖ ನೋಡಬೇಕು! ಅಲ್ಲಿಂದ ಪ್ರತಿ ತಿರುವೂ ಒಂದು ಹೊಸ ಪಾಠ. ಬ್ರೇಕ್ ಕೂಡ ಅಷ್ಟೇ. ನಮ್ಮ ಕಡೆ ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂಬ ಹೆದರಿಕೆ ಜಾಸ್ತಿ. ಗಾಡಿ ನಿಲ್ಲಿಸುವ ಬಲದಲ್ಲಿ ಹೆಚ್ಚು ಪಾಲು ಮುಂದಿನ ಬ್ರೇಕಿನದೇ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಗಾಲಿಗೆ ಬರುವುದೇ ಕಾರಣ. ಒಮ್ಮೆಲೇ ಹಿಸುಕದೆ, ಮೊದಲು ಮೆತ್ತಗೆ, ಆಮೇಲೆ ಬಿಗಿಯಾಗಿ ಹಿಡಿಯುವುದನ್ನು ಬೆರಳುಗಳು ಕಲಿಯಬೇಕು. ಅದಕ್ಕೆ ತಿಂಗಳುಗಳೇ ಬೇಕು.

ಇನ್ನು ನಮ್ಮ ರಸ್ತೆಗಳು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಗಾಡಿ ಕಲಿತವನಿಗೆ ಗುರುಗಳಿಗೇನೂ ಕೊರತೆಯಿಲ್ಲ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಒಣ ಹಾಕಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ಇನ್ನೊಂದು ಊರಲ್ಲಿ ತೊಗರಿ, ಹುರುಳಿ ಗಿಡ ಹರವಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಗಾಲಿ ಜಾರುತ್ತದೆ. ಮಳೆ ಬಿದ್ದ ಮೇಲೆ ಟ್ರ್ಯಾಕ್ಟರ್ ಗಾಲಿಗೆ ಅಂಟಿದ ಎರೆ ಮಣ್ಣು ಡಾಂಬರಿನ ಮೇಲೆ ಬೀಳುತ್ತದೆ. ಅದರಷ್ಟು ನುಣುಪು ಇನ್ನೊಂದಿಲ್ಲ. ದೂರದಿಂದಲೇ ಅದನ್ನು ಗುರುತಿಸಿ, ಮೊದಲೇ ವೇಗ ಇಳಿಸಿ, ಅದರ ಮೇಲೆ ಬಂದಾಗ ಬ್ರೇಕೂ ಇಲ್ಲದೆ ವಾಲುವುದೂ ಇಲ್ಲದೆ ನೆಟ್ಟಗೆ ದಾಟಬೇಕು. ಸಂಜೆ ಹೊತ್ತಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್. ತಿರುವು ದಾಟಿದರೆ ಕುರಿ ಹಿಂಡು. ಬಳ್ಳಾರಿ, ಸಂಡೂರಿನ ಕಡೆ ಬಂದರೆ ಅದಿರು ಲಾರಿ ಮತ್ತು ಕೆಂಪು ಧೂಳು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇವನ್ನೆಲ್ಲ ಓದುತ್ತ ಓಡಿಸುವವನ ತಲೆಯಲ್ಲಿ ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ಹೊಲದ ಸಾಲ, ಅಂಗಡಿಯ ಲೆಕ್ಕ, ಮನೆಯ ಮಾತು ಎಲ್ಲ ಅಷ್ಟು ಹೊತ್ತು ಹಿಂದೆ ಸರಿಯುತ್ತವೆ. ಜನ ಮತ್ತೆ ಮತ್ತೆ ಗಾಡಿಗೆ ಮರಳುವುದು ಈ ಕಾರಣಕ್ಕೆ.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಇದೇ ಸ್ಥಿತಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು. ಮುಂದಿರುವ ಸವಾಲೂ ನಮ್ಮ ಕೌಶಲವೂ ಸಮ ಇದ್ದಾಗ ಮನಸ್ಸು ಪೂರ್ತಿ ಕೆಲಸದಲ್ಲಿ ಮುಳುಗುತ್ತದೆ. ಸವಾಲು ಜಾಸ್ತಿಯಾದರೆ ಗಾಬರಿ, ಕಡಿಮೆಯಾದರೆ ಬೇಸರ. 400 ಸಿಸಿಯ ವಿಷಯದಲ್ಲಿ ನನ್ನ ಉತ್ತರ ಇದರಲ್ಲೇ ಇದೆ. ಮೊದಲ ಎರಡು ವರ್ಷಕ್ಕೆ 125 ಸಿಸಿ ಸಾಕು. ಜಾಸ್ತಿಯೆಂದರೆ 150. ಇದನ್ನು ಸುರಕ್ಷತೆಯ ಬುದ್ಧಿವಾದ ಅಂತ ಹೇಳಬೇಡಿ, ಹುಡುಗ ಕೇಳುವುದಿಲ್ಲ. ಕಲಿಕೆಯ ಮಾತಾಗಿ ಹೇಳಿ. ದೊಡ್ಡ ಎಂಜಿನ್ ಇದ್ದರೆ ತಪ್ಪು ಗೇರ್, ತಪ್ಪು ಅಂದಾಜು ಎಲ್ಲವನ್ನೂ ಆಕ್ಸಿಲರೇಟರ್ ಮುಚ್ಚಿಹಾಕುತ್ತದೆ. ಸಣ್ಣ ಗಾಡಿಯಲ್ಲಿ ಲಾರಿ ದಾಟಬೇಕಾದರೆ ಮೊದಲೇ ಯೋಚಿಸಬೇಕು, ಸರಿಯಾದ ಗೇರಿನಲ್ಲಿರಬೇಕು, ಎದುರಿನ ಗಾಡಿಯ ದೂರ ಅಳೆಯಬೇಕು. ಸಣ್ಣ ಗಾಡಿಯಲ್ಲಿ ಪಳಗಿದ ಕೈಗೆ ದೊಡ್ಡದು ಬೇಗ ಒಗ್ಗುತ್ತದೆ. ಲೆಕ್ಕವನ್ನೂ ತೋರಿಸಿ. 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಣ್ಣು ನೋಡಿ ಕೈ ಬ್ರೇಕ್ ಹಿಡಿಯುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. 40ರಿಂದ 80ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. 17ರ ಹುಡುಗನಿಗೆ ಈ ಲೆಕ್ಕ ತಾನೇ ಮಾಡಿ ನೋಡಲು ಬರುತ್ತದೆ, ಮಾಡಿಸಿ.

ನಿಮ್ಮ ಭಯಕ್ಕೆ ಬರುತ್ತೇನೆ. ಕೆನಡಾದ ರಾಬರ್ಟ್ ವಾಲೆರಾಂಡ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಜೊತೆಗಾರರೊಂದಿಗೆ 2003ರಲ್ಲಿ ಆಸೆಯನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು ಬಾಳಿನ ಉಳಿದ ಕೆಲಸಗಳ ಜೊತೆ ಹೊಂದಿಕೊಂಡು ಹೋಗುವ ಆಸೆ. ಇನ್ನೊಂದು ಮನುಷ್ಯನನ್ನೇ ಹಿಡಿದು ಕುಣಿಸುವ ಆಸೆ. ಎರಡರಲ್ಲೂ ಪ್ರೀತಿ ನಿಜವೇ. ವ್ಯತ್ಯಾಸ ಗೊತ್ತಾಗುವುದು ಬೇಡ ಎನ್ನಬೇಕಾದ ಹೊತ್ತಿನಲ್ಲಿ. ಮೊದಲ ಬಗೆಯವನು ಮಳೆ ಜೋರಾದರೆ ದಾಬಾದಲ್ಲಿ ಗಾಡಿ ನಿಲ್ಲಿಸುತ್ತಾನೆ, ಪರೀಕ್ಷೆ ಇದ್ದರೆ ಕೀಲಿ ಮೊಳೆಗೆ ಹಾಕುತ್ತಾನೆ. ಎರಡನೆಯವನಿಗೆ ನಿಲ್ಲಿಸಲು ಆಗುವುದಿಲ್ಲ. ಗಾಡಿ ಇಲ್ಲದ ದಿನ ತಾನು ಯಾರೂ ಅಲ್ಲ ಅನಿಸುತ್ತದೆ ಅವನಿಗೆ. ನಾನು ಕಂಡಂತೆ, ಬರೀ ಗದರಿಸಿ ಮುಚ್ಚಿಟ್ಟ ಆಸೆ ಹೆಚ್ಚಾಗಿ ಎರಡನೆಯ ದಾರಿ ಹಿಡಿಯುತ್ತದೆ. ಹುಡುಗ ಗೆಳೆಯನ ಗಾಡಿ ತೆಗೆದುಕೊಂಡು ಕಾಲುವೆ ರಸ್ತೆಯಲ್ಲಿ ಓಡಿಸುತ್ತಾನೆ, ಹೆಲ್ಮೆಟ್ ಇಲ್ಲದೆ, ನಿಮಗೆ ಹೇಳದೆ.

ಗೆಳೆಯರ ಮಾತು ಬಂತು. 2005ರಲ್ಲಿ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಗಾಡಿ ಓಡಿಸುವ ಆಟ ಕೊಟ್ಟು, ಒಬ್ಬರೇ ಇದ್ದಾಗ ಮತ್ತು ಗೆಳೆಯರು ಪಕ್ಕದಲ್ಲಿದ್ದಾಗ ಎಷ್ಟು ಅಪಾಯಕ್ಕೆ ಕೈ ಹಾಕುತ್ತಾರೆಂದು ನೋಡಿದರು. ದೊಡ್ಡವರಲ್ಲಿ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಹದಿಹರೆಯದವರು ಗೆಳೆಯರ ಮುಂದೆ ತುಂಬ ಜಾಸ್ತಿ ಅಪಾಯಕ್ಕೆ ಇಳಿದರು. ಅದಕ್ಕೇ ಮೊದಲ ವರ್ಷ ಹಿಂದೆ ಗೆಳೆಯರನ್ನು ಕೂರಿಸಬಾರದು ಎಂಬ ಒಂದೇ ಕರಾರು ಹಾಕಿ, ಅದರಲ್ಲಿ ಮಾತ್ರ ರಾಜಿ ಬೇಡ. ತ್ರಿಬಲ್ ಸೀಟಿನ ಮಾತಂತೂ ದೂರವೇ ಇರಲಿ.

ಕಾನೂನು ಬೇಗ ಹೇಳಿ ಮುಗಿಸುತ್ತೇನೆ. ಗೇರ್ ಗಾಡಿಗೆ 18 ತುಂಬಲೇಬೇಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕೊನೆಯ ಮಾತನ್ನು ಅವನಿಗೆ ಒತ್ತಿ ಹೇಳಿ. ಗಾಡಿ ಹುಚ್ಚಿರುವವನಿಗೆ ಅದೇ ದೊಡ್ಡ ಶಿಕ್ಷೆ.

ಹಾಗಾದರೆ ಈ ವರ್ಷ ಅವನು ಏನು ಮಾಡಬೇಕು? ಅಜ್ಜನ ಪಕ್ಕ ಕೂರಬೇಕು. ಪ್ಲಗ್ ತೆಗೆದು ಉಜ್ಜುವುದು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಮತ್ತೆ ಕೂರಿಸುವುದು, ಕ್ಲಚ್ ಕೇಬಲ್ ಬದಲಿಸುವುದು, ಪಂಚರ್ ತಿದ್ದುವುದು. ಕಾರ್ಬ್ಯುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಬಂದ ಹೊಸ ಗಾಡಿಗಳಲ್ಲಿ ಇದರಲ್ಲಿ ಎಷ್ಟೋ ಇಲ್ಲ, ಆದರೂ ಯಂತ್ರದ ಸದ್ದು ಕೇಳಿ ರೋಗ ಹೇಳುವ ಕಿವಿ ಹೀಗೇ ತಯಾರಾಗುವುದು. ರಜೆಯಲ್ಲಿ ನಂಬಿಕಸ್ಥ ಮೇಸ್ತ್ರಿಯ ಗ್ಯಾರೇಜಿಗೆ ಕಳಿಸಿ. ಅಪಘಾತವಾಗಿ ಬಂದ ಗಾಡಿಗಳ ಬಗ್ಗಿದ ಫೋರ್ಕನ್ನು ಕಣ್ಣಾರೆ ನೋಡಿದವನಿಗೆ ವೇಗದ ಬಗ್ಗೆ ಬೇರೆ ಭಾಷಣ ಬೇಕಾಗುವುದಿಲ್ಲ. ಸೈಕಲ್ ತುಳಿಯಲಿ. ಸಮತೋಲನ, ತಿರುವು, ರಸ್ತೆ ಓದುವುದು ಎಲ್ಲ ಅಲ್ಲೇ ಶುರು.

18 ತುಂಬಿದ ಮೇಲೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿ. 30 ದಿನ ಕಳೆದ ಮೇಲೆ ಲೈಸೆನ್ಸ್ ಪರೀಕ್ಷೆಗೆ ಹೋಗಬಹುದು, ಎಲ್‌ಎಲ್‌ಆರ್‌ಗೆ 6 ತಿಂಗಳ ಆಯಸ್ಸು. ಅವಸರ ಮಾಡಬೇಡಿ, ಆ ತಿಂಗಳುಗಳನ್ನು ಬಳಸಿಕೊಳ್ಳಿ. ಗಾಡಿಯ ದುಡ್ಡಿನಲ್ಲೇ ಒಂದು ಪಾಲು ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್, ಕೈಗವಸು, ಕಣಕಾಲು ಮುಚ್ಚುವ ಬೂಟಿಗೆ ತೆಗೆದಿಡಿ. 125 ಸಿಸಿಗಿಂತ ದೊಡ್ಡದಾದರೆ ಎಬಿಎಸ್ ಇರುತ್ತದೆ, 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ಎಬಿಎಸ್ ಗಾಲಿ ಲಾಕ್ ಆಗದಂತೆ ಕಾಯುತ್ತದೆ. ಹರವಿದ ಭತ್ತದ ಮೇಲೆ ಹಿಡಿತವನ್ನು ಅದು ಹುಟ್ಟಿಸಿಕೊಡುವುದಿಲ್ಲ, ಇದನ್ನೂ ಅವನಿಗೆ ತಿಳಿಸಿ.

ಆಮೇಲೆ ಅವನನ್ನು ಎಲ್ಲಿಗಾದರೂ ಕಳಿಸಿ. ಇದು ತುಂಬ ಮುಖ್ಯ. ಹೋಗಲು ಒಂದು ಊರು, ನೋಡಲು ಒಂದು ಜಾಗ, ಮುಗಿಸಲು ಒಂದು ಕೆಲಸ ಇದ್ದಾಗ ಸವಾರಿಗೆ ಅರ್ಥ ಬರುತ್ತದೆ. ಸುಮ್ನೆ ಸರ್ಕಲ್ ಸುತ್ತುವವನಿಗೆ ವೇಗ ಬಿಟ್ಟರೆ ಬೇರೆ ಖುಷಿ ಸಿಗುವುದಿಲ್ಲ. ನಿಮ್ಮ ಹತ್ತಿರವೇ ಮಸ್ಕಿ ಇದೆ. ಅಶೋಕ ಎಂಬ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕ ಬಂಡೆ ಅಲ್ಲಿದೆ. ಮೊದಲ ಸವಾರಿಗೆ ಹೇಳಿ ಮಾಡಿಸಿದ ಜಾಗ. ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಟು ಬಿಸಿಲೇರುವ ಮೊದಲು ಮನೆಗೆ ಬರಬಹುದು. ಸ್ವಲ್ಪ ಪಳಗಿದ ಮೇಲೆ ಮುದಗಲ್ ಕೋಟೆ. ಕಾರಟಗಿ, ಗಂಗಾವತಿ ದಾಟಿ ಆನೆಗೊಂದಿ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯವಿದೆ, ಅಲ್ಲಿಂದ ಕುಕನೂರಿನ ನವಲಿಂಗ ಗುಡಿಯೂ ದೂರವಿಲ್ಲ. ಮಳೆ ನಿಂತ ದಿನಗಳಲ್ಲಿ ಸಂಡೂರಿನ ಕುಮಾರಸ್ವಾಮಿ ಬೆಟ್ಟ. ನಮ್ಮ ಬಯಲುಸೀಮೆಯ ಹುಡುಗರಿಗೆ ಘಾಟಿಯ ತಿರುವು ಎಂದರೇನು ಎಂದು ಕಲಿಸುವ ದಾರಿ ಅದು. ಲಾರಿಗಳ ಕಡೆ ನಿಗಾ ಇರಲಿ, ಅಷ್ಟೇ.

ಮೊದಮೊದಲು ಅವನ ಜೊತೆ ನೀವೂ ಹೋಗಿ, ಇನ್ನೊಂದು ಗಾಡಿಯಲ್ಲಿ. ನನಗೆ ಆಸಕ್ತಿ ಇಲ್ಲ ಎನ್ನುತ್ತೀರಿ, ಇರಲಿ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ರ‍್ಯುತಾ ಕವಾಶಿಮಾ ಅವರು ಯಮಹಾ ಕಂಪನಿಯ ಜೊತೆ ಸೇರಿ ಒಂದು ಅಧ್ಯಯನ ಮಾಡಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಾಡಿ ಬಿಟ್ಟಿದ್ದ 40, 50ರ ವಯಸ್ಸಿನ ಗಂಡಸರಲ್ಲಿ ಕೆಲವರು ಎರಡು ತಿಂಗಳು ಮತ್ತೆ ದಿನವೂ ಗಾಡಿ ಓಡಿಸಿದರು. ಓಡಿಸದವರಿಗಿಂತ ಅವರ ನೆನಪು, ಗಮನ ಚುರುಕಾದದ್ದು ಕಂಡುಬಂತು. ಗಾಡಿ ಕಂಪನಿ ಪಾಲುದಾರನಾಗಿದ್ದ ಸಣ್ಣ ಅಧ್ಯಯನ, ಆದ್ದರಿಂದ ಅದನ್ನೇ ಕೊನೆಯ ಮಾತು ಎನ್ನಲಾರೆ. ಆದರೆ ನಡು ವಯಸ್ಸಿನಲ್ಲಿ ಗಾಡಿಗೆ ಹೊಸದಾಗಿ ಮನಸೋತವರನ್ನು ನಾನು ಸಾಕಷ್ಟು ನೋಡಿದ್ದೇನೆ. ನಿಮಗೆ ಆ ಬಾಗಿಲು ಮುಚ್ಚಿದೆ ಎಂದುಕೊಳ್ಳಬೇಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕು. ನಿಮ್ಮ ತಂದೆಯವರ ಸವಾರಿಯನ್ನೂ ಕಾಯಬೇಕು. ಅವರ ಕಣ್ಣಿನ ಪರೀಕ್ಷೆ ಮಾಡಿಸಿ, ಪೊರೆ ಬಂದಿದೆಯೇ ನೋಡಿಸಿ. ಪೊರೆ ಇದ್ದರೆ ಎದುರಿನ ಲೈಟಿನ ಬೆಳಕಿಗೆ ರಸ್ತೆಯೇ ಕಾಣುವುದಿಲ್ಲ. ಕತ್ತಲಾಗುವ ಮೊದಲು ಹೊಲದಿಂದ ಮನೆಗೆ ಬಂದುಬಿಡಲಿ. 55 ದಾಟಿದವರಿಗೆ ಲೈಸೆನ್ಸ್ ನವೀಕರಣ ಐದೈದು ವರ್ಷಕ್ಕೆ, ವೈದ್ಯರ ಪ್ರಮಾಣಪತ್ರವೂ ಬೇಕು. ಗಡುವು ಯಾವಾಗ ಎಂದು ನೋಡಿಡಿ. ಆ ಗಾಡಿಯದು ಡ್ರಮ್ ಬ್ರೇಕ್, ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಆಕ್ಸಿಲರೇಟರ್ ಬಿಟ್ಟರೆ ವೇಗ ತಾನಾಗಿ ಅಷ್ಟು ಇಳಿಯುವುದಿಲ್ಲ. ಬ್ರೇಕ್ ಶೂ ಸವೆದಿದ್ದರೆ ಈ ಭಾನುವಾರವೇ ಬದಲಾಯಿಸಲಿ. ಕಿಕ್ ಹೊಡೆಯಲು ಮೊಣಕಾಲು ಒಪ್ಪದ ದಿನ ಬಂದರೆ ಒಂದು ಹಗುರ ಸ್ಕೂಟರ್ ಕೊಡಿಸಿ. ಯೆಜ್ಡಿಯನ್ನು ಮಾತ್ರ ಮಾರಬೇಡಿ. ಅದನ್ನು ಬಿಚ್ಚಿ ಕೂರಿಸುವ ಹಕ್ಕು ಅವರದೇ ಇರಲಿ, ಸ್ಟಾರ್ಟ್ ಮಾಡುವ ಕೆಲಸ ಮೊಮ್ಮಗ ಮಾಡಲಿ.